ನಮ್ಮ ಸಿಲೋನಿನಲ್ಲಿ ಕೇಳಿದ ಗುಂಡು

ಕಳೆದ ಭಾನುವಾರ ಮಧ್ಯಾಹ್ನ ದುಬಾರೆಯ ಹತ್ತಿರ, ಹೊಳೆಯ ನಡುವಿನಿಂದ ಒಂದು ಗುಂಡಿನ ಸದ್ದು ಕೇಳಿಸಿತಲ್ಲ? ಅದು ನಮ್ಮದೇ.

ಸುತ್ತಲಿನ ಊರುಗಳಲ್ಲಿ ದೊಡ್ಡ ಚರ್ಚೆಯೇ ಆಗಿದೆಯಂತೆ. ಯಾರ ಮನೆಯಲ್ಲಿ ಗಂಡು ಹುಟ್ಟಿತು ಎಂದು ಸಂತೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡರಂತೆ. ಬಸುರಿಯರಿರುವ ಮನೆಗಳ ಹೆಸರನ್ನೆಲ್ಲ ಹೇಳಿ ನೋಡಿದರೂ ತಾಳೆಯಾಗಲಿಲ್ಲವಂತೆ. ಓದುಗರೊಬ್ಬರು ನನಗೆ ಕಾರ್ಡೇ ಬರೆದಿದ್ದಾರೆ. ಹೀಗೆ ಸುಮ್ಮಸುಮ್ಮನೆ ಗುಂಡು ಹಾರಿಸಿ ಜನರನ್ನು ದಾರಿ ತಪ್ಪಿಸುವ ಪೋಕರಿಗಳಿಗೆ ನಿಮ್ಮ ಅಂಕಣದಲ್ಲಿ ಚೆನ್ನಾಗಿ ನಾಲ್ಕು ಮಾತು ಬಿಡಿ ಎಂದು ಅವರ ಆಗ್ರಹ. ಆಗಲಿ ಸ್ವಾಮಿ. ಪೋಕರಿಗಳಲ್ಲಿ ಒಬ್ಬ ನಾನೇ. ಬೈಯುವ ಮೊದಲು ದಯವಿಟ್ಟು ಪೂರ್ತಿ ಓದಿ.

(ಮೈಸೂರು, ಮಂಗಳೂರು ಕಡೆಯಿಂದ ನಮ್ಮ ಈ ಪುಟ್ಟ ಕೂರ್ಗ್ ಸ್ಟೇಟಿಗೆ ನೌಕರಿಗೆ ಬಂದವರಿಗಾಗಿ ಒಂದು ವಿವರಣೆ. ಇಲ್ಲಿ ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಒಂದರ ಬೆನ್ನಿಗೆ ಇನ್ನೊಂದು, ಎರಡು ಗುಂಡು. ಹೆಣ್ಣು ಹುಟ್ಟಿದರೆ ಕಂಚಿನ ತಟ್ಟೆ ಬಡಿಯುತ್ತಾರೆ. ಟೆಲಿಗ್ರಾಂ ಬೇಡ, ಪೇಪರು ಬೇಡ. ಗುಡ್ಡದಾಚೆಯವರೂ ಕಿವಿಯಲ್ಲೇ ಸುದ್ದಿ ಓದುತ್ತಾರೆ.)

ಮೊದಲು ಸಿಲೋನಿನ ವಿಷಯ.

ನಾವು ನಾಲ್ವರು ಗೆಳೆಯರು. ನಾನು ಮಡಿಕೇರಿಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಉತ್ತಯ್ಯ ಅದೇ ಶಾಲೆಯ ಡ್ರಿಲ್ ಮಾಸ್ಟರು. ಆರಡಿ ಆಳು, ದಿನಕ್ಕೆ ಆರು ಮಾತು. ಬೆಳ್ಯಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮೊಯ್ದು ಪೇಟೆಯಲ್ಲಿ ಟೈಲರು. ನಾಲ್ವರಿಗೂ ಊಟಿ ನೋಡುವ ಆಸೆ. ನಾಲ್ವರ ಜೇಬಿಗೂ ಆ ಆಸೆ ಒಪ್ಪಿಗೆಯಿಲ್ಲ. ಏನು ಮಾಡುವುದು?

ಕಾವೇರಿಯ ನಡುವೆ ಒಂದು ನಡುಗಡ್ಡೆ ಹುಡುಕಿಕೊಂಡೆವು. ನಮ್ಮ ಶಾಲೆಯ ಮೈದಾನಕ್ಕಿಂತ ಚಿಕ್ಕದು. ನಾಲ್ಕು ಹೊಳೆಮತ್ತಿ ಮರ, ಒಂದಿಷ್ಟು ಬಿದಿರು, ಉಳಿದದ್ದು ಮರಳು ಮತ್ತು ಬಂಡೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಸೊಂಟದ ತನಕ ನೀರಿನಲ್ಲಿ ನಡೆದೇ ದಾಟಬಹುದು. ವರ್ಷಕ್ಕೊಮ್ಮೆ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತುವುದು, ಭಾನುವಾರ ಸಂಜೆ ವಾಪಸು. ಅಕ್ಕಿ ಬೆಳ್ಯಪ್ಪನದು, ತೆಂಗಿನಕಾಯಿ ಮತ್ತು ಮೆಣಸಿನ ಪುಡಿ ಮೊಯ್ದುವಿನದು, ಕಾಫಿ ಪುಡಿ ಉತ್ತಯ್ಯನದು, ಪಾತ್ರೆ ನನ್ನ ಹೆಂಡತಿಯದು (ಅವಳಿಗೆ ಹೇಳದೆ). ಮೀನು ಕಾವೇರಮ್ಮನದು. ಮೊಯ್ದು ಇರುವುದರಿಂದ ಹಂದಿ ಇಲ್ಲ. ಅವನೇ ಹಳೆ ಪರದೆಗಳನ್ನು ಜೋಡಿಸಿ ಹೊಲಿದ ಟೆಂಟು. ಒಂದು ಬದಿಯಲ್ಲಿ ಗುಲಾಬಿ ಹೂವು, ಇನ್ನೊಂದು ಬದಿಯಲ್ಲಿ ನವಿಲು. ಆ ಜಾಗಕ್ಕೆ ಸಿಲೋನ್ ಎಂದು ಹೆಸರಿಟ್ಟವನು ಬೆಳ್ಯಪ್ಪ. ಸೋಮವಾರ ಎಸ್ಟೇಟಿನಲ್ಲಿ ಯಾರಾದರೂ ರಜೆಗೆ ಎಲ್ಲಿಗೆ ಹೋಗಿದ್ದಿರಿ ಎಂದರೆ ಮುಖ ಗಂಭೀರ ಮಾಡಿಕೊಂಡು, ಸಿಲೋನಿಗೆ ಎನ್ನುತ್ತಿದ್ದ. ನಂಬಿದವರೂ ಇದ್ದರು.

ಹೀಗೆ ನಾಲ್ಕು ವರ್ಷ ಹೋಗಿದ್ದೆವು. ಐದನೆಯ ವರ್ಷ, ಎಂದರೆ ಈಗ ಮೂರು ವರ್ಷದ ಹಿಂದೆ, ಉತ್ತಯ್ಯ ಬರುವುದಿಲ್ಲ ಎಂದ.

ಕಾರಣ ಇತ್ತು. ಅವನ ಹೆಂಡತಿ ತಂಗಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಆದರೆ ಆ ತವರು ಇರುವುದು ಎಲ್ಲಿ? ನಮ್ಮ ಸಿಲೋನಿನ ಎದುರಿನ ದಡದ ಮೇಲೆಯೇ. ಹೊಳೆಯಿಂದ ಹತ್ತಿದರೆ ಗದ್ದೆ, ಗದ್ದೆ ದಾಟಿದರೆ ತೋಟ, ತೋಟದ ತಲೆಯ ಮೇಲೆ ಮನೆ. ಅರ್ಧ ಗಂಟೆಯ ದಾರಿ. ನಾನು ಬಿಡಲಿಲ್ಲ. ಜಗಲಿಯಲ್ಲಿ ಕೂತು ಎಂತ ಮಾಡ್ತೀಯ ಮಾರಾಯ, ಹೆರುವುದು ನೀನಲ್ಲವಲ್ಲ, ಹೊಳೆಯಲ್ಲಿ ಕೂತರೂ ಗುಂಡು ಕೇಳುತ್ತದೆ ಎಂದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಒಮ್ಮೆ ಶುರುವಾದರೆ ಎದುರಿನವರು ಹೂಂ ಎನ್ನುವ ತನಕ ಮುಚ್ಚುವುದಿಲ್ಲ.

ಶನಿವಾರ ದಾರಿಯಲ್ಲಿ ಆ ಮನೆಗೇ ಹೋದೆವು. ತಂಗಮ್ಮ ತಾನೇ ಕಾಫಿ ತಂದು ಕೊಟ್ಟಳು. ಬೇಡಮ್ಮ, ಕೂತುಕೋ ಎಂದರೂ ಕೇಳಲಿಲ್ಲ. ಲೋಟ ಕೊಡುತ್ತ ನನಗೆ ಹೇಳಿದಳು:

"ಇವರನ್ನು ಕರ್ಕೊಂಡು ಹೋಗಿ ಮೇಷ್ಟ್ರೇ. ಬಂದಾಗೆಲ್ಲ ನನ್ನ ಹಿಂದೆನೇ ಸುತ್ತುತ್ತಾ ಇರ್ತಾರೆ, ನಂಗೆ ನಗು ಬರ್ತದೆ."

ಉತ್ತಯ್ಯ ನಾಚಿ ನೆಲ ನೋಡಿದ. ಅವನ ಮಾವ ಗೋಡೆಯಲ್ಲಿ ನೇತು ಹಾಕಿದ್ದ ಕೋವಿಯ ಕಡೆ ಗದ್ದ ಎತ್ತಿ ತೋರಿಸಿದರು. ಸುದ್ದಿ ಇದ್ದರೆ ಇದು ಹೇಳುತ್ತದೆ, ನೀವು ಹೋಗಿ ಬನ್ನಿ ಎಂದರು.

ಆ ಹೊತ್ತು ಅಲ್ಲಿ ನಾವು ಎಂಟು ಜನ ಇದ್ದೆವು. ಮಾವ, ಅತ್ತೆ, ಹಾಸಿಗೆ ಹಿಡಿದಿದ್ದ ತಂಗಮ್ಮನ ಅಜ್ಜಿ, ನಾವು ನಾಲ್ವರು, ಸ್ವತಃ ತಂಗಮ್ಮ. ಹೆಣ್ಣಾದರೆ ಹೊಳೆಗೆ ಸುದ್ದಿ ಹೇಗೆ ಮುಟ್ಟಿಸುವುದು ಎಂದು ಒಬ್ಬರಾದರೂ ಕೇಳಬೇಡವೇ? ಒಬ್ಬರೂ ಕೇಳಲಿಲ್ಲ. ಮಕ್ಕಳಿಗೆ ಯೋಚನೆ ಮಾಡಿ ಉತ್ತರ ಬರೆಯಿರಿ ಎಂದು ದಿನಾ ಗದರುವ ಈ ಮೇಷ್ಟ್ರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದಾಗಿನಿಂದ ಉತ್ತಯ್ಯ ದಡದ ಕಡೆಯ ಬಂಡೆಯ ಮೇಲೆ ಕೂತಿದ್ದ. ಮೀನು ಹಿಡಿಯಲು ಬರಲಿಲ್ಲ. ನೀರಿಗೆ ಇಳಿಯಲಿಲ್ಲ. ಒಮ್ಮೆ ನಮ್ಮ ಕಡೆ ತಿರುಗಿ ಸ್ವಲ್ಪ ಮೆಲ್ಲಗೆ ಮಾತಾಡಿ ಎಂದ. ನಾವು ಇನ್ನಷ್ಟು ಗಲಾಟೆ ಮಾಡಿದೆವು. ಡ್ರಿಲ್ ಮಾಸ್ಟರಿಗೇ ಅಟೆನ್‌ಷನ್ ಎಂದು ಗೇಲಿ ಮಾಡಿದೆವು. ಹೊಳೆ ಅಲ್ಲಿ ಬಂಡೆಗಳ ನಡುವೆ ನುಗ್ಗುವ ಜಾಗ, ಅದರ ಮೊರೆತ ಒಂದು ಕಡೆ. ನಮ್ಮ ಮೊರೆತ ಇನ್ನೊಂದು ಕಡೆ.

ಹನ್ನೆರಡರ ಹೊತ್ತಿಗೆ ಅನ್ನ ಇಳಿಸಿ ಮೀನಿನ ಸಾರು ಕುದಿಯಲು ಇಟ್ಟಿದ್ದೆವು. ಮೊಯ್ದು ನೀರಿನಲ್ಲಿ ಮುಳುಗಿದ್ದ. ಬೆಳ್ಯಪ್ಪ ದೊಡ್ಡ ಮೀನೊಂದನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದ. ನಾನು ಖಾಲಿ ಪಾತ್ರೆ ಬಡಿದು ತಾಳ ಹಾಕುತ್ತಿದ್ದೆ.

ಆಗ ಗುಂಡು ಕೇಳಿಸಿತು.

ಮೊಯ್ದು ನೀರಿನಿಂದ ತಲೆ ಎತ್ತಿ ಒಂದು ಬೆರಳು ತೋರಿಸಿದ. ಬೆಳ್ಯಪ್ಪ ಒಂದೇ ಎಂದ. ಇಬ್ಬರೂ ನನ್ನ ಮುಖ ನೋಡಿದರು.

ಈಗ ನಿಜ ಹೇಳುತ್ತೇನೆ. ಮೂರು ವರ್ಷ ಯಾರಿಗೂ, ಹೆಂಡತಿಗೂ ಹೇಳಿರಲಿಲ್ಲ. ಆ ಗುಂಡಿಗೆ ಒಂದು ಕ್ಷಣ ಮೊದಲು, ನನ್ನ ಪಾತ್ರೆಯ ಸದ್ದಿನ ಅಡಿಯಲ್ಲಿ, ಇನ್ನೊಂದು ಢಂ ಇತ್ತು. ಬಡಿಯುತ್ತಿದ್ದ ಕೈ ನಿಂತಿತ್ತು. ಆದರೆ ಮೊಯ್ದು ಒಂದು ಬೆರಳು ಎತ್ತಿದ್ದಾನೆ, ಬೆಳ್ಯಪ್ಪ ಹಲ್ಲು ಬಿಟ್ಟು ನಿಂತಿದ್ದಾನೆ. ನನ್ನದೇ ಪಾತ್ರೆಯ ಸದ್ದು ಇರಬೇಕು ಎಂದುಕೊಂಡೆ. ಇರಲಿ ಎಂದುಕೊಂಡೆ.

ಒಂದೇ ಎಂದೆ.

ಉತ್ತಯ್ಯ ಏನೂ ಹೇಳಲಿಲ್ಲ. ಅವನು ಯಾವಾಗ ತಾನೇ ಹೇಳುತ್ತಾನೆ?

ಆಮೇಲೆ ನಮ್ಮನ್ನು ಹಿಡಿಯುವವರೇ ಇಲ್ಲ. ಬೆಳ್ಯಪ್ಪ ಮೀನನ್ನು ಬಿಸಾಡಿ ಉತ್ತಯ್ಯನನ್ನು ತಬ್ಬಿಕೊಂಡ. ಮೊಯ್ದು ಮಗುವಿಗೆ ಪುಟ್ಟ ಕುಪ್ಯ ತಾನೇ ಹೊಲಿಯುವುದಾಗಿ ಸಾರಿದ. (ಕುಪ್ಯ ಎಂದರೆ ಕೊಡವ ಗಂಡಸರ ನಿಲುವಂಗಿ. ಹುಟ್ಟಿದ ಮಗುವಿಗೆ ಅದನ್ನು ಯಾರೂ ತೊಡಿಸುವುದಿಲ್ಲ. ಹೇಳಿದರೆ ಅವನು ಕೇಳಬೇಕಲ್ಲ.) ಗಂಡು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಸಣ್ಣ ಬಿಲ್ಲುಬಾಣ ಮಾಡಿ ಮಗುವಿನ ಕೈಗೆ ಮುಟ್ಟಿಸುವ ಪದ್ಧತಿ ಉಂಟು. ಮಾಡಬೇಕಾದವರು ಮನೆಯವರು. ಆದರೆ ನನಗೆ ಉತ್ಸಾಹ. ನೀರಿನ ಅಂಚಿನಲ್ಲಿ ಬೆಳೆದಿದ್ದ ಹರಳು ಗಿಡದ ಕಡ್ಡಿ ಮುರಿದು, ಮೊಯ್ದುವಿನ ದಾರ ಕಟ್ಟಿ, ಬೆರಳುದ್ದದ ಬಿಲ್ಲು ಮಾಡಿದೆ.

ನಡಿ, ಹೊರಡೋಣ ಎಂದೆ ಉತ್ತಯ್ಯನಿಗೆ.

"ಊಟ ಆಗಲಿ," ಎಂದ.

ನಾವು ಬಿದ್ದು ಬಿದ್ದು ನಕ್ಕೆವು. ಬೆಳಿಗ್ಗೆಯಿಂದ ತುದಿಗಾಲಲ್ಲಿ ನಿಂತವನು, ಗಂಡು ಎಂದ ಕೂಡಲೇ ಜಮೀನ್ದಾರನ ಹಾಗೆ ಕಾಲು ಚಾಚಿ ಕೂತಿದ್ದಾನೆ ನೋಡಿ ಎಂದು ಬೆಳ್ಯಪ್ಪ ಹಂಗಿಸಿದ. ಉತ್ತಯ್ಯ ಎಲೆ ಮುಂದೆ ಕೂತು ಒಂದೊಂದೇ ತುತ್ತು ನಿಧಾನವಾಗಿ ಉಂಡ. ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಪಾತ್ರೆ ತಾನೇ ತೊಳೆದ. ಟೆಂಟನ್ನು ಅಂಚಿಗೆ ಅಂಚು ಸೇರಿಸಿ ಮಡಚಿದ. ಹೊಳೆ ದಾಟುವಾಗ ಎರಡು ಗಂಟೆ ದಾಟಿತ್ತು.

ಗದ್ದೆಯ ಬದುವಿನ ಮೇಲೆ ಹಾಡಿಕೊಂಡೇ ಹೋದೆವು. ಮುಂದೆ ನಾನು, ಕೈಯಲ್ಲಿ ಬಿಲ್ಲು. ಅಂಗಳಕ್ಕೆ ಕಾಲಿಡುವಾಗ ದೊಡ್ಡ ಸ್ವರದಲ್ಲಿ, ಮಾವ, ಎಲ್ಲಿ ನಮ್ಮ ಯಜಮಾನ ಎಂದು ಕೂಗಿದೆ.

ಅಂಗಳದ ತುಂಬ ಜನ ಕೂತಿದ್ದರು. ಎಲ್ಲ ಬಿಳಿ ಬಟ್ಟೆ.

ಯಾರೂ ಎದ್ದು ಬರಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾವ ಮೆಟ್ಟಿಲ ಮೇಲೆ ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಬಾಗಿಲಿನ ಒಳಗೆ ದೀಪ ಕಾಣುತ್ತಿತ್ತು. ನಾನು ಬಿಲ್ಲನ್ನು ಬೆನ್ನ ಹಿಂದೆ ಹಿಡಿದು ಅಲ್ಲೇ ಮುರಿದೆ. ಅಷ್ಟು ಸಣ್ಣ ಕಡ್ಡಿ, ಮುರಿದ ಸದ್ದು ಎಲ್ಲರಿಗೂ ಕೇಳಿಸಿತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಅತ್ತೆ ಹೊರಗೆ ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕೂಸು. ಅಳಿಯನ ಮುಂದೆ ನಿಂತು, ಬಹಳ ಮೆತ್ತಗಿನ ಸ್ವರದಲ್ಲಿ ಕೇಳಿದರು:

"ಒಂಬತ್ತು ಗಂಟೆಗೇ ತಟ್ಟೆ ಬಡಿದೆವಲ್ಲ. ನಿಮಗೆ ಕೇಳಿಸಲಿಲ್ವಾ? ತಟ್ಟೆ ಕೇಳಿಸಿರ್ತದೆ, ಈಗ ಬರ್ತಾರೆ, ಈಗ ಬರ್ತಾರೆ ಅಂತ ಅವಳು ಬಾಗಿಲನ್ನೇ ನೋಡ್ತಾ ಇದ್ದಳು."

ಹೆಣ್ಣು ಹುಟ್ಟಿತ್ತು. ಹುಟ್ಟಿದಾಗ ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮಾವನೇ ಅಂಗಳದಲ್ಲಿ ನಿಂತು ಕಂಚಿನ ತಟ್ಟೆ ಬಡಿದಿದ್ದರು. ಸಂತೋಷದಿಂದಲೇ ಬಡಿದಿದ್ದರು, ಅದರಲ್ಲಿ ಸುಳ್ಳಿಲ್ಲ. ಹತ್ತೂವರೆಗೆ ತಂಗಮ್ಮನಿಗೆ ರಕ್ತ ಹೋಗಲು ಶುರುವಾಯಿತು. ನಿಲ್ಲಲಿಲ್ಲ. ಮನೆಯಲ್ಲಿ, ನೆರೆಯಲ್ಲಿ ಇದ್ದ ಗಂಡಸರೆಲ್ಲ ಡಾಕ್ಟರಿಗೆ, ಕಾರಿಗೆ ಎಂದು ರೋಡಿನ ಕಡೆ ಓಡಿದರು. ಹೊಳೆಯ ಕಡೆ ಓಡಲು ಯಾರೂ ಉಳಿದಿರಲಿಲ್ಲ. ಓಡಬೇಕು ಎಂದು ಯಾರಿಗೂ ಅನಿಸಲೂ ಇಲ್ಲ. ತಟ್ಟೆ ಬಡಿದಾಗಿದೆ, ಅಳಿಯ ದಾರಿಯಲ್ಲಿದ್ದಾನೆ ಎಂದೇ ಎಲ್ಲರ ನಂಬಿಕೆ. ಕಾರು ಬರುವುದರೊಳಗೆ ಎಲ್ಲ ಮುಗಿಯಿತು.

ಒಂಬತ್ತರಿಂದ ಹನ್ನೆರಡು. ಮೂರು ಗಂಟೆ. ಅರ್ಧ ಗಂಟೆಯ ದಾರಿಯಲ್ಲಿ ನಾವು ಪಾತ್ರೆ ಬಡಿಯುತ್ತಿದ್ದೆವು.

ಆ ವರ್ಷದಿಂದ ಸಿಲೋನ್ ಬಂದ್. ಟೆಂಟು ಮೊಯ್ದುವಿನ ಅಂಗಡಿಯ ಅಟ್ಟ ಸೇರಿತು. ಉತ್ತಯ್ಯ ಶಾಲೆಗೆ ಬರುತ್ತಿದ್ದ, ವಿಸಿಲ್ ಊದುತ್ತಿದ್ದ, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ದಿನಕ್ಕೆ ಆರಿದ್ದ ಮಾತು ಎರಡಕ್ಕೆ ಇಳಿಯಿತು. ಮಗು ಪೂವಮ್ಮ ಅಜ್ಜಿಮನೆಯಲ್ಲೇ ಬೆಳೆಯಿತು. ಪ್ರತಿ ಶನಿವಾರ ಅವನು ಅಲ್ಲಿಗೆ ಹೋಗಿಬರುತ್ತಿದ್ದ.

ನಾನು? ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಪ್ರತಿ ವಾರ ಊರಿಗೆಲ್ಲ ಬುದ್ಧಿ ಹೇಳುವ ಈ ಅಂಕಣ ಬರೆಯುತ್ತಿದ್ದೆ. ಪಕ್ಕದ ಕುರ್ಚಿಯವನಿಗೆ ಒಂದು ವಾಕ್ಯ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಎರಡು ಎಂದು ನಾನು ಅಂದಿದ್ದರೆ ಅವನು ಉಣ್ಣುತ್ತ ಕೂರುತ್ತಿರಲಿಲ್ಲ. ಹಾಡಿಕೊಂಡು ಆ ಅಂಗಳಕ್ಕೆ ಹೋಗುತ್ತಿರಲಿಲ್ಲ. ಬದುಕಿದ್ದ ಹೆಂಡತಿಯನ್ನು ಅವನಿಗೆ ತೋರಿಸಲು ನನ್ನಿಂದ ಆಗುತ್ತಿರಲಿಲ್ಲ, ನಿಜ. ಅಳುತ್ತ ಹೋಗಬೇಕಾದವನನ್ನು ಮೆರವಣಿಗೆಯಲ್ಲಿ ಕರೆದೊಯ್ದ ಪಾಪವಾದರೂ ತಪ್ಪುತ್ತಿತ್ತು.

ಹದಿನೈದು ದಿನದ ಹಿಂದೆ ಸ್ಟಾಫ್ ರೂಮಿನಲ್ಲಿ ಉತ್ತಯ್ಯ ಲೋಟ ಕೆಳಗಿಟ್ಟು, ಈ ಸಲ ಸಿಲೋನಿಗೆ ಹೋಗೋಣ ಎಂದ. ನಾನು ತಬ್ಬಿಬ್ಬಾದೆ. ಯಾಕೆ ಎಂದು ಕೇಳಲು ಧೈರ್ಯ ಬರಲಿಲ್ಲ. ಮೊಯ್ದು ಅಟ್ಟದಿಂದ ಟೆಂಟು ಇಳಿಸಿದ. ನವಿಲಿನ ಬದಿಯನ್ನು ಇಲಿ ತಿಂದಿತ್ತು. ಅಲ್ಲಿಗೆ ಅಂಗಿ ಬಟ್ಟೆಯ ತೇಪೆ ಹಾಕಿದ.

ಕಳೆದ ಭಾನುವಾರ ಬೆಳಿಗ್ಗೆ ಮೊದಲು ಆ ಮನೆಗೇ ಹೋದೆವು. ಮಾವ ಕಾಫಿ ಕೊಟ್ಟರು. ಹಾಸಿಗೆ ಹಿಡಿದ ಅಜ್ಜಿ ಇನ್ನೂ ಇದ್ದಾರೆ, ಹಾಸಿಗೆಯಲ್ಲೇ. ಪೂವಮ್ಮ ಅಂಗಳದಲ್ಲಿ ಕೂತು ಏನೋ ಬಡಿಯುತ್ತಿತ್ತು. ನೋಡಿದರೆ ಅದೇ ಕಂಚಿನ ತಟ್ಟೆ. ಅದಕ್ಕೆ ಆಟದ ಸಾಮಾನು. ಉತ್ತಯ್ಯ ಒಳಗೆ ಹೋಗಿ ಗೋಡೆಯಿಂದ ಕೋವಿ ಇಳಿಸಿಕೊಂಡು ಬಂದ. ಮಾವ ನೋಡಿ, ಹೋಗಿ ಬನ್ನಿ ಎಂದರು. ಹೊಳೆಗೆ ಇಳಿದೆವು. ಹಿಂದೆ ತಟ್ಟೆಯ ಸದ್ದು ಬರುತ್ತಲೇ ಇತ್ತು. ನಾನು ಕಿವಿಗೊಟ್ಟೇ ನಡೆದೆ. ತೋಟದಲ್ಲಿ ಚೆನ್ನಾಗಿ ಕೇಳಿಸಿತು. ಗದ್ದೆಯ ಮೊದಲ ಬದುವಿನಲ್ಲಿ ತೆಳುವಾಯಿತು. ಕೊನೆಯ ಬದುವಿಗೆ ಬಂದಾಗ ಹೊಳೆಯ ಮೊರೆತ ಬಿಟ್ಟರೆ ಬೇರೇನೂ ಇರಲಿಲ್ಲ.

ಉತ್ತಯ್ಯನೂ ಅಲ್ಲೇ ಒಂದು ಗಳಿಗೆ ನಿಂತಿದ್ದ.

ನಡುಗಡ್ಡೆಯಲ್ಲಿ ಅಡುಗೆಗೆ ಬೆಳ್ಯಪ್ಪ ಒಲೆ ಹೂಡಿದ. ಯಾರೂ ಪಾತ್ರೆ ಬಡಿಯಲಿಲ್ಲ. ಉತ್ತಯ್ಯ ಅದೇ ಬಂಡೆಯ ಮೇಲೆ ಕೂತ. ನಾನು ಹೋಗಿ ಪಕ್ಕದಲ್ಲಿ ಕೂತೆ. ಇನ್ನು ಆಗುವುದಿಲ್ಲ ಎನಿಸಿ ಹೇಳಿಯೇ ಬಿಟ್ಟೆ. ಅವತ್ತು ನನಗೆ ಎರಡೂ ಕೇಳಿಸಿತ್ತು ಉತ್ತಯ್ಯ, ಗೊತ್ತಿದ್ದೂ ಒಂದೇ ಎಂದೆ, ನನ್ನನ್ನು ಏನು ಬೇಕಾದರೂ ಅನ್ನು ಎಂದೆ.

ಅವನು ನೀರನ್ನೇ ನೋಡುತ್ತಿದ್ದ.

"ನಂಗೂ ಕೇಳಿಸಿತ್ತು," ಎಂದ.

ಅವನು ಆಮೇಲೆ ಹೇಳಿದ್ದು ಅವನ ಒಂದು ತಿಂಗಳ ಮಾತಿನಷ್ಟು.

"ಎರಡು ಅಂತ ಗೊತ್ತಿತ್ತು. ಯಾರು ಅಂತ ಗೊತ್ತಿರಲಿಲ್ಲ. ಅಜ್ಜಿ ಇದ್ರಲ್ಲ. ಅಜ್ಜಿಯೇ ಆಗಿರಲಿ ಅಂತ ಬೇಡ್ಕೊಂಡು ಅನ್ನ ನುಂಗಿದೆ. ನೀವೆಲ್ಲ ಒಂದು ಅಂತ ಕುಣೀತಾ ಇದ್ರಿ. ಹೋಗಿ ನೋಡಿದ್ರೆ ಎರಡಾಗ್ತದೆ. ಊಟ ಮುಗಿಯೋ ತನಕ ಒಂದೇ ಇರಲಿ ಅಂತ ಕೂತೆ."

ಇನ್ನೊಂದು ಮಾತು ಸೇರಿಸಿದ. ಆ ಪಾಪದ ಮುದುಕಿ ಈಗಲೂ ಪ್ರತಿ ಶನಿವಾರ ನನ್ನ ತಲೆ ಸವರುತ್ತಾರೆ, ಅವರ ಮುಖ ನೋಡಲು ನನಗೆ ಆಗುವುದಿಲ್ಲ ಎಂದ.

ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಮೂರು ವರ್ಷ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಒಂದೇ ಕಲ್ಲನ್ನು ಎರಡು ಎದೆಗಳಲ್ಲಿ ಹೊತ್ತಿದ್ದೆವು. ಗಂಡಸರ ಗೆಳೆತನ ಎಂದರೆ ಇಷ್ಟೇನೇ? ಕಾಫಿ ಹಂಚಿಕೊಳ್ಳುತ್ತೇವೆ, ಬೀಡಿ ಹಂಚಿಕೊಳ್ಳುತ್ತೇವೆ, ಎದೆಯಲ್ಲಿರುವುದನ್ನು ಮಾತ್ರ ಮನೆಗೆ ವಾಪಸು ಒಯ್ಯುತ್ತೇವೆ.

ಊಟಕ್ಕೆ ಮೊದಲು ಉತ್ತಯ್ಯ ಎದ್ದು ನಿಂತು ಕೋವಿಗೆ ಒಂದು ತೋಟಾ ಹಾಕಿದ. ಒಂದೇ. ಮೇಲಕ್ಕೆ ಹಿಡಿದು ಹಾರಿಸಿದ. ಮರದ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದವು.

ಆಚೆ ದಡದಲ್ಲಿ ಆನೆ ಮೀಯಿಸುತ್ತಿದ್ದ ಮಾವುತ ಕೈ ಎತ್ತಿ ಕೂಗಿದ. ಯಾರ ಮನೆಯಲ್ಲಿ, ಗಂಡು ಮಗುವಾ ಎಂದು ಕೇಳಿದ.

"ಹೆಣ್ಣು," ಎಂದ ಉತ್ತಯ್ಯ. ಪರೇಡ್ ಮೈದಾನದ ಅವನ ಸ್ವರವನ್ನು ನಾನು ಮೂರು ವರ್ಷದಿಂದ ಕೇಳಿರಲಿಲ್ಲ.

ಮಾವುತನಿಗೆ ಅರ್ಥವಾಗಲಿಲ್ಲ. ಹೆಣ್ಣಿಗೆ ಗುಂಡು ಯಾಕೆ ಎಂದು ಮತ್ತೆ ಕೂಗಿದ.

"ಕೇಳಿಸಬೇಕಲ್ಲ," ಎಂದ ಉತ್ತಯ್ಯ. ಇದನ್ನು ಮೆಲ್ಲಗೆ ಹೇಳಿದ. ಹೊಳೆಯಾಚೆಗೆ ಅದು ಮುಟ್ಟಲಿಲ್ಲ. ಕೋವಿಯನ್ನು ಬಂಡೆಗೆ ಒರಗಿಸಿ, ಬಂದು ಎಲೆಯ ಮುಂದೆ ಕೂತ. ಅವತ್ತಿನ ಹಾಗೆ ನಿಧಾನವಾಗಿ ಉಣ್ಣಲಿಲ್ಲ. ಬೇಗ ಬೇಗ ಉಂಡು, ಮಗು ಕಾಯುತ್ತಿರುತ್ತದೆ ಎಂದು ನಮಗಿಂತ ಮೊದಲು ಹೊಳೆ ದಾಟಿದ.

ಕಾರ್ಡು ಬರೆದ ಓದುಗರೇ, ಗುಂಡಿನ ಲೆಕ್ಕ ಒಪ್ಪಿಸಿದ್ದೇನೆ. ಮೂರು ವರ್ಷದ ಹಿಂದೆ ನಿಮ್ಮ ಊರಿನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಸುದ್ದಿ ನಿಮಗೆ ಕಳೆದ ಭಾನುವಾರ ಮುಟ್ಟಿತು. ಪದ್ಧತಿ ಕೆಡಿಸಿದೆವು ಎಂದು ಇನ್ನೂ ಸಿಟ್ಟಿದ್ದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಒಂದೇ ಪ್ರಶ್ನೆ.

ನಿಮ್ಮ ಮನೆಯ ಕಂಚಿನ ತಟ್ಟೆ ಎಲ್ಲಿಯ ತನಕ ಕೇಳಿಸುತ್ತದೆ, ಒಮ್ಮೆಯಾದರೂ ಬಡಿದು ನೋಡಿದ್ದೀರಾ?